ಒಗೆಯದೆ ಉಳಿದ ಉತ್ತತ್ತಿ

ಮೊನ್ನೆ ಟ್ರಂಕಿನ ಬಟ್ಟೆ ಬಿಸಿಲಿಗೆ ಹಾಕುವಾಗ ಹಳದಿ ಬಟ್ಟೆಯ ಗಂಟೊಂದು ಕೈಗೆ ಸಿಕ್ಕಿತು. ಒಳಗೆ ಐದು ಉತ್ತತ್ತಿ, ಕಲ್ಲಿನಂತಾಗಿದ್ದವು.

ಎಂಬತ್ತರ ದಶಕದ ಮಾತು. ಮದುವೆಯಾಗಿ ಊರು ಬಿಟ್ಟು ಕಲ್ಯಾಣದ ಕಡೆಯ ಮಾಜಿವಾಡಾದ ಚಾಳಿಗೆ ಬಂದ ನನಗೆ ಪಕ್ಕದ ಖೋಲಿಯ ಅಕ್ಕ ನಮ್ಮೂರಿನವಳೇ ಎಂಬುದೊಂದು ಧೈರ್ಯ. ಆ ವರ್ಷ ಫ್ಯಾಕ್ಟರಿಯಲ್ಲಿ ಅವಳ ಗಂಡನ ಬೆನ್ನ ಮೇಲೆ ಮೂಟೆ ಬಿದ್ದಿತ್ತು. ಎದ್ದು ನಡೆಯುತ್ತಾನೋ ಇಲ್ಲವೋ, ಡಾಕ್ಟರೂ ಹೇಳುತ್ತಿರಲಿಲ್ಲ. ನಾನು ಜಾತ್ರೆಗೆಂದು ತವರಿಗೆ ಹೊರಟಾಗ, ಆಸ್ಪತ್ರೆ ಬಿಟ್ಟು ಬರಲಾಗದ ಅವಳು ತೇರಿಗೆ ಎಸೆಯಲೆಂದು ಈ ಗಂಟು ಕೊಟ್ಟಳು.

"ತೇರು ಎಳಿಯಾಗ ಒಗಿಬೇಕ ತಂಗಿ. ನಿಂತ ತೇರಿಗೆ ಒಗದ್ರ ದೇವ್ರಿಗೆ ಮುಟ್ಟಂಗಿಲ್ಲ. ಅವರು ಎದ್ದು ನಡದ್ರ ನಾ ಸಾಯೋತನಕ ಕಾಲಾಗ ಚಪ್ಪಲ್ ಹಾಕಂಗಿಲ್ಲ."

ಕಲ್ಯಾಣದಲ್ಲಿ ಹತ್ತಿದ ಗಾಡಿ ಸೊಲ್ಲಾಪುರ ದಾಟಿ ಬಯಲಲ್ಲಿ ನಿಂತುಬಿಟ್ಟಿತು. ಮುಂದೆ ಗೂಡ್ಸ್ ಗಾಡಿ ಕೆಟ್ಟಿದೆಯಂತೆ. ಹೊತ್ತು ಮುಳುಗುವುದರೊಳಗೆ ನಮ್ಮ ತೇರು ಗುಡಿಗೆ ಮರಳುತ್ತದೆ. ಕಿಟಕಿಯಲ್ಲಿ ಸೂರ್ಯನನ್ನೇ ನೋಡುತ್ತ ಕುಳಿತೆ, ಗಂಟು ಬೆವರಿಗೆ ಒದ್ದೆಯಾಯಿತು. ಕಡೆಗೆ ಊರಲ್ಲಿ ಬಸ್ಸಿಳಿದು ಸೆರಗು ಸಿಕ್ಕಿಸಿಕೊಂಡು ಓಡಿದರೆ, ಊರ ಅಗಸಿ ಬಾಗಿಲಲ್ಲೇ ಜನ ಎದುರು ಬರುತ್ತಿದ್ದರು. ತೇರು ಗುಡಿಯ ಮುಂದೆ ನಿಂತಿತ್ತು. ಗಾಲಿಗೆ ಮರದ ತುಂಡು ಕೊಟ್ಟು ಹಗ್ಗ ಸುತ್ತುತ್ತಿದ್ದರು.

ಮರಳಿ ಬಂದಾಗ ಅಕ್ಕ ಚಾಳಿನ ಮೆಟ್ಟಿಲಲ್ಲೇ ಕಾಯುತ್ತಿದ್ದಳು.

"ಒಗದಿ ಏನವ್ವಾ?"

"ಒಗದೆ ಅಕ್ಕಾ. ಕಳಸಕ್ಕೇ ಬಡೀತು."

ಕಳಸ ಬೇರೆ! ಹೇಳುವ ಸುಳ್ಳಿಗೆ ಅಷ್ಟು ಸಿಂಗಾರ ಬೇಕಿತ್ತೆ? ಅವಳ ಮುಖ ನೋಡಿದ ಮೇಲೆ ಬೇರೇನೂ ಬಾಯಿಗೆ ಬರಲಿಲ್ಲ.

ದೀಪಾವಳಿಯ ಹೊತ್ತಿಗೆ ಗಂಡ ಗೋಡೆ ಹಿಡಿದು ನಡೆದ. ಅವತ್ತೇ ಅವಳು ಚಪ್ಪಲಿ ಬಿಟ್ಟಳು. ಮೇ ತಿಂಗಳಲ್ಲಿ ಹೈವೇಯ ಕಾದ ಡಾಂಬರನ್ನು ಅವಳು ತುದಿಗಾಲಲ್ಲಿ ದಾಟುವಾಗ ನಾನು ಚಪ್ಪಲಿ ಮೆಟ್ಟಿಕೊಂಡು ಪಕ್ಕದಲ್ಲಿರುತ್ತಿದ್ದೆ. ಒಮ್ಮೆ ತಡೆಯಲಾರದೆ, "ಅಕ್ಕಾ, ಆ ಉತ್ತತ್ತಿ..." ಎಂದೆ.

"ನೀ ಒಗದಿದ್ದಕ್ಕ ನನ್ನ ಮನಿ ಉಳೀತು," ಎಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಎಷ್ಟೋ ವರ್ಷ ಜೊತೆಗಿದ್ದೆವು, ಹೇಳಲಿಲ್ಲ...

ಅವಳು ತೀರಿಕೊಂಡ ದಿನ ಸೊಸೆ ಅವಳ ಪಾದಕ್ಕೆ ಅರಿಶಿನ ಹಚ್ಚಿದಳು. ಹಿಮ್ಮಡಿಯ ಬಿರುಕುಗಳಲ್ಲೆಲ್ಲ ಅದು ತುಂಬಿಕೊಂಡಿತು. ಗಂಡ ತನ್ನ ಕಾಲ ಮೇಲೆ ನಿಂತು ನೋಡುತ್ತಿದ್ದ.

ಬಿಸಿಲು ಇಳಿದ ಮೇಲೆ ಬಟ್ಟೆಗಳ ಜೊತೆ ಗಂಟನ್ನೂ ಮತ್ತೆ ಟ್ರಂಕಿನಲ್ಲಿಟ್ಟೆ. ಸುಳ್ಳು ಹೇಳಿದ್ದು ನಾನು. ಸುಟ್ಟಿದ್ದು ಅವಳ ಕಾಲು.