ಹಾಲ್ ಇಲ್ಲದ ಮನೆಯ ಹಾಲ್ ಟಿವಿ

ಚಾಂಪಿಯನ್ ರೀಫ್ಸ್‌ನ ನಮ್ಮ ಲೈನಿನಲ್ಲಿ ಕೋದಂಡಪ್ಪನವರು ಸುಮ್ಮನೆ ಕೂತಿದ್ದನ್ನು ಕಂಡವರಿಲ್ಲ. ಕೂತರೂ ತಾವು ಎದ್ದರೆ ಎಲ್ಲೋ ಏನೋ ಕುಸಿದುಬೀಳುತ್ತದೆ ಎಂಬ ಮುಖ ಮಾಡಿಕೊಂಡೇ ಕೂರುತ್ತಾರೆ. ಅದಕ್ಕೆ ಕಾರಣವೂ ಇದೆ. ಇಲ್ಲಿನ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವರದು ಶಾಫ್ಟಿನ ಬಾಯಲ್ಲಿ ನಿಂತು ಗಂಟೆ ಕೊಡುವ ಕೆಲಸ. ಆಳುಗಳನ್ನು ಭೂಮಿಯೊಳಕ್ಕೆ ಇಳಿಸುವ ಕೇಜು ಅವರ ಗಂಟೆಯಿಲ್ಲದೆ ಅಲುಗಾಡುತ್ತಿರಲಿಲ್ಲ. ಒಂದು ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಇಳಿಸು, ಮೂರು ಹೊಡೆದರೆ ಒಳಗೆ ಜನ ಇದ್ದಾರೆ, ಹುಷಾರು. ಎಂಜಿನ್ ನಡೆಸುವವನಿಗೆ ಕೇಜು ಕಾಣುತ್ತಿರಲಿಲ್ಲ. ಅವನಿಗೆ ಕೋದಂಡಪ್ಪನವರ ಗಂಟೆಯೇ ಕಣ್ಣು.

"ಎಂಥಾ ದೊರೆ ಬಂದ್ರೂ ಅಷ್ಟೇನೆ, ನಾನ್ ಗಂಟೆ ಕೊಟ್ಮೇಲೇ ಕೆಳಕ್ಕೋಗ್ಬೇಕು" ಎಂದು ಇವತ್ತಿಗೂ ಹೇಳುತ್ತಾರೆ. ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದೆ. ಆಮೇಲೆ ಬಂಗಾರಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ಗೇಟು ಕಾದರು. ಅಲ್ಲಿಯೂ ಮದುವೆ ಗಂಡನ ಕಾರನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಲ್ಲಿಸಿಯೇ ಗೇಟು ತೆಗೆಯುತ್ತಿದ್ದರಂತೆ.

ಲೈನು ಮನೆ ಎಂದರೆ ಮುಂದೊಂದು ಕೋಣೆ, ಹಿಂದೊಂದು ಅಡುಗೆಮನೆ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಈ ಕಡೆ ಸೀನಿದರೆ ಆ ಕಡೆ ಕೇಳುತ್ತದೆ. ಕೋದಂಡಪ್ಪನವರ ಗೋಡೆಯಾಚೆ ಇರುವವರು ಸೆಲ್ವರಾಜ್, ಒಂದು ಕಾಲದಲ್ಲಿ ಗಣಿಯೊಳಗೆ ಡ್ರಿಲ್ಲು ಹಿಡಿಯುತ್ತಿದ್ದವರು. ಇಬ್ಬರಿಗೂ ಮಾತಿಲ್ಲ. ಮಾತು ನಿಂತದ್ದು ಟಿವಿಯಿಂದಲೇ.

ಲೈನಿಗೆ ಮೊದಲ ಕಲರ್ ಟಿವಿ ಬಂದದ್ದು ಕೋದಂಡಪ್ಪನವರ ಮನೆಗೆ. ಯಾರು ಚಾಪೆಯ ಮೇಲೆ, ಯಾರು ಹೊಸಿಲ ಮೇಲೆ, ಯಾರು ಕಿಟಕಿಯಾಚೆ ಎಂದು ಅವರೇ ನಿಂತು ಕೂರಿಸುತ್ತಿದ್ದರು. ಒಂದು ದಿನ ಕ್ರಿಕೆಟ್ಟಿನ ಕೊನೇ ಓವರು. ಮನೆ ತುಂಬ ಜನ. ಕೋದಂಡಪ್ಪನವರು ಅರ್ಧ ಟಿವಿಗೆ ಅಡ್ಡ ನಿಂತು ಆಟ ವಿವರಿಸುತ್ತಿದ್ದರು. ಸೆಲ್ವರಾಜ್, "ಅಣ್ಣೇ, ಕೊಂಜ ಪಕ್ಕಕ್ಕೆ ನಿಲ್ಲಣ್ಣೇ" ಎಂದರು. ಅಷ್ಟೇ. "ನನ್ ಟಿವಿ, ನಾನ್ ಎಲ್ ಬೇಕಾದ್ರೂ ನಿಲ್ತೀನಿ" ಎಂದವರೇ ಸ್ವಿಚ್ಚು ಒತ್ತಿಬಿಟ್ಟರು. ಗೆದ್ದವರು ಯಾರೆಂದು ಲೈನಿಗೆ ತಿಳಿದದ್ದು ಮಾರನೆಯ ದಿನದ ಪೇಪರಿನಲ್ಲಿ. ಸೆಲ್ವರಾಜ್ ಆವತ್ತು ಎದ್ದು ಹೋದವರು ಮತ್ತೆ ಆ ಹೊಸಿಲು ತುಳಿಯಲಿಲ್ಲ. ಇವರೂ ಅತ್ತ ಹೋಗಲಿಲ್ಲ.

ಆದರೆ ಒಂದೇ ಗೋಡೆಯಲ್ಲವೇ, ವ್ಯವಹಾರ ನಡೆಯಲೇಬೇಕು. ಸೆಲ್ವರಾಜ್ ಮನೆಯ ಟಿವಿ ಜೋರಾದರೆ ಕೋದಂಡಪ್ಪನವರು ಗೋಡೆಗೆ ಒಂದು ಗುದ್ದು ಗುದ್ದುತ್ತಾರೆ: ನಿಲ್ಲಿಸು. ಕೋದಂಡಪ್ಪನವರು ಮನೆಗೆ ಬಂದವರಿಗೆ ಗಣಿ ಪುರಾಣ ಶುರುಮಾಡಿದರೆ ಆಚೆಯಿಂದಲೂ ಒಂದು ಗುದ್ದು ಬರುತ್ತದೆ. ನೀರಿನ ಟ್ಯಾಂಕರ್ ಬಂದರೆ ಎರಡು: ಕೊಡ ಇಳಿಸು. ಇಷ್ಟು ಶಿಸ್ತಾಗಿ ಜಗಳವಾಡಿದವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಸೆಲ್ವರಾಜ್ ಮನೆಗೆ ಸ್ಮಾರ್ಟ್ ಟಿವಿ ಬಂದ ತಿಂಗಳೇ ಕೋದಂಡಪ್ಪನವರಿಗೂ ಬೇಕಾಯಿತು. ಅದೇ ಬಂಗಾರಪೇಟೆಯ ಅಂಗಡಿ, ಕೂರಿಸಿದವನೂ ಆ ಅಂಗಡಿಯ ಅಂಬರೀಶನೇ. ಅವನು ಎಲ್ಲರ ಮನೆಯ ಟಿವಿಗೂ 'ಹಾಲ್ ಟಿವಿ' ಎಂದೇ ಹೆಸರು ಕೊಟ್ಟು ಹೋಗುತ್ತಾನೆ. ಲೈನು ಮನೆಗೆ ಹಾಲ್ ಎಲ್ಲಿಂದ ಬರಬೇಕು? ಕೋದಂಡಪ್ಪನವರಿಗೆ ಮಾತ್ರ ಆ ಹೆಸರು ಹಿಡಿಸಿತು. ಟಿವಿ ಬಂದ ಮೇಲೆ ಮುಂದಿನ ಕೋಣೆಯನ್ನು ಹಾಲ್ ಎಂದೇ ಕರೆಯತೊಡಗಿದರು.

ಆ ಭಾನುವಾರ ಬೆಳಗಿನಿಂದ ಅವರ ಕಾಲು ನೆಲಕ್ಕೆ ತಾಗಿರಲಿಲ್ಲ. ಮಗಳು ಕಲಾ ಪೊಲೀಸ್ ಕಾನ್‌ಸ್ಟೇಬಲ್, ಇಲಾಖೆಯ ಕಬಡ್ಡಿ ತಂಡದಲ್ಲಿ ರೈಡರ್. ದಾವಣಗೆರೆಯಲ್ಲಿ ಫೈನಲ್. ಟಿವಿ ಚಾನೆಲ್ಲಿನಲ್ಲಿ ಬರುವುದಿಲ್ಲ. ಯಾರೋ ಮೊಬೈಲಿಗೆ ಲೈವ್ ಬಿಡುತ್ತಾರಂತೆ, ಕಲಾ ಲಿಂಕ್ ಕಳಿಸಿದ್ದಳು. ಜೊತೆಗೆ ಅಪ್ಪನಿಗೆ ಮಾತ್ರ ಇನ್ನೊಂದು ಮಾತೂ ಹೇಳಿದ್ದಳು: ಮಂಡಿ ಸರಿಯಿಲ್ಲ, ಡಾಕ್ಟರು ಸಾಕು ಅಂದಿದ್ದಾರೆ, ಇದೇ ಕೊನೇ ಮ್ಯಾಚು.

ಹೆಂಡತಿ ಕದಿರಮ್ಮ ಮಗಳ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ದೂರ ಹೋಗಲು ಮೈಯಲ್ಲಿ ಶಕ್ತಿಯಿಲ್ಲ. ಸಕ್ಕರೆ ಕಾಯಿಲೆ ಕಣ್ಣನ್ನೂ ಮಂಜು ಮಾಡಿತ್ತು. ಮೊಬೈಲಿನಲ್ಲಿ ತೋರಿಸಿದರೆ, "ಇರುವೆ ಓಡಾಡ್ದಂಗೈತೆ. ಅದ್ರಾಗೆ ನಮ್ಮುಡುಗಿ ಯಾವ್ದು?" ಎನ್ನುತ್ತಿದ್ದರು.

"ಇವತ್ತು ದೊಡ್ಡದಾಗಿ ನೋಡ್ತೀಯ ಬಿಡು. ಮೊಬೈಲಾಗಿರೋದ್ನ ಗಾಳೀಲೇ ಎತ್ತಿ ಟಿವಿಗೆ ಆಕ್ತೀನಿ" ಎಂದರು ಕೋದಂಡಪ್ಪನವರು.

"ಬರ್ತದಾ?"

"ಬರ್ದೆ ಏನು? ಭೂಮಿಯೊಳಕ್ಕೆ ಜನಾನೇ ಇಳಿಸ್ದೋನು ನಾನು."

ಲೈನಿಗೆಲ್ಲ ಹೇಳಿಬಂದರು, ಒಂದು ಬಾಗಿಲು ಬಿಟ್ಟು. ನಡುನಡುವೆ ಅಂಬರೀಶನಿಗೆ ಫೋನು ಮಾಡಿದರು, ಅವನು ಎತ್ತಲಿಲ್ಲ. ಟಿವಿ ಒರೆಸಿದರು. ಕೂತರು, ಎದ್ದರು, ಮತ್ತೆ ಒರೆಸಿದರು. ಚಾಪೆಯ ತುದಿ ಟಿವಿಗೆ ನೇರವಾಗಿಲ್ಲ ಎಂದು ಎಳೆದು ಹಾಕಿದರು. ಹೊರಗೆ ಗಾಳಿ ಎದ್ದು ಗಣಿಯ ಮಣ್ಣು ಸುರಿದು ಎದ್ದ ಸೈನೈಡ್ ಗುಡ್ಡದ ದೂಳು ಲೈನಿನ ಮೇಲೆ ಬೀಳುತ್ತಿತ್ತು. ಗಾಳಿಯಲ್ಲಿ ದೂಳಿದ್ದರೆ ಚಿತ್ರ ಬರುವಾಗ ತೊಂದರೆಯಾದೀತೆಂದು ಕಿಟಕಿ ಮುಚ್ಚಿದರು. ಸೆಕೆಯಾಯಿತೆಂದು ತೆಗೆದರು.

ಮೊದಲು ಬಂದದ್ದು ಇಡ್ಲಿ ಅಂಗಡಿಯ ಮುನಿಲಕ್ಷ್ಮಿ, ಹಿಂದೆ ಲೈನಿನ ಅರ್ಧ ಹೆಂಗಸರು. ಕದಿರಮ್ಮ ಟಿವಿಯ ಮುಂದೆ, ಮೊಣಕಾಲು ತಾಗುವಷ್ಟು ಹತ್ತಿರ ಕೂತರು.

ಕೋದಂಡಪ್ಪನವರು ಮೊಬೈಲಿನಲ್ಲಿ ಹುಡುಕಿದರು. ಸುತ್ತಮುತ್ತಲಿನ ಟಿವಿಗಳ ಹೆಸರು ಬಂದವು. 'ಹಾಲ್ ಟಿವಿ'. ಅದರ ಕೆಳಗೆ ಮತ್ತೆ 'ಹಾಲ್ ಟಿವಿ'.

"ಯಾಕಣ್ಣಾ ಎರಡೆರಡು ಬರ್ತೈತೆ?" ಎಂದು ಇಣುಕಿದಳು ಮುನಿಲಕ್ಷ್ಮಿ.

"ಒಂದು ಚಿತ್ರಕ್ಕೆ, ಒಂದು ಸೌಂಡಿಗೆ" ಎಂದರು ಕೋದಂಡಪ್ಪನವರು. ಗೊತ್ತಿಲ್ಲ ಎಂಬ ಮಾತು ಅವರ ಬಾಯಿಂದ ಗಣಿ ನಡೆಯುವಾಗಲೂ ಬಂದದ್ದಲ್ಲ. ಚಿತ್ರ ಮೇಲಿನದ್ದೇ ಇರಬೇಕೆಂದು ಮೇಲಿನದನ್ನು ಒತ್ತಿದರು. ಆಗಲಿಲ್ಲ. ಮತ್ತೆ ಒತ್ತಿದರು. ಮೂರನೇ ಸಲಕ್ಕೆ 'ಕನೆಕ್ಟ್ ಆಗಿದೆ' ಎಂದು ಬಂತು. ಟಿವಿಯಲ್ಲಿ ಮಾತ್ರ ಯಾವುದೋ ದೇಶದ ಹಿಮದ ಬೆಟ್ಟ ತಣ್ಣಗೆ ನಿಂತಿತ್ತು.

"ಬರ್ತೈತೆ ಇರಿ. ಗಾಳೀಲಿ ಬರೋದು, ಅದ್ಕೂ ದಾರಿ ಬೇಡ್ವಾ?"

ಲಿಂಕ್ ಹುಡುಕುವ ಆತುರದಲ್ಲಿ ಬೆರಳು ಜಾರಿ ಫೋಟೋಗಳು ತೆರೆದುಕೊಂಡವು. ಅರ್ಧ ಮೀಸೆಗೆ ಬಣ್ಣ ಹಚ್ಚಿ, ಹೇಗೆ ಕಾಣುತ್ತದೆಂದು ತೆಗೆದುಕೊಂಡಿದ್ದ ತಮ್ಮದೇ ಫೋಟೋ. ಗೋಡೆಯಾಚೆ ಜೋರು ನಗು ಎದ್ದಿತು.

"ಸೆಲ್ವರಾಜ್ ಮನೇಲಿ ಯಾವ್ದೋ ಕಾಮಿಡಿ ನೋಡ್ತಾವ್ರೆ" ಎಂದರು ಕೋದಂಡಪ್ಪನವರು, ತಿರಸ್ಕಾರದಿಂದ. ಅದನ್ನು ಸರಿಸಿದರೆ ಹಿಂದಿನ ದಿನ ಹುಡುಕಿದ್ದು ತೆರೆಯಿತು: 'ಪಕ್ಕದ ಮನೆ ಟಿವಿಗಿಂತ ನಮ್ಮ ಟಿವಿ ದೊಡ್ಡದಾಗಿ ಕಾಣಲು ಏನು ಮಾಡಬೇಕು'. ಆಚೆಯ ನಗು ಕೆಮ್ಮಿಗೆ ತಿರುಗಿತು. ಇವರು ಗೋಡೆಗೆ ಒಂದು ಗುದ್ದಿದರು. ನಗು ನಿಲ್ಲಲಿಲ್ಲ.

ಕೊನೆಗೆ ಲಿಂಕ್ ಸಿಕ್ಕಿತು. ಒತ್ತಿದರು. ಮೊಬೈಲಿನಲ್ಲಿ ಮೈದಾನ ಕಾಣಿಸಿತು, ಸದ್ದಿಲ್ಲ. ಸದ್ದು ಬಂದದ್ದು ಗೋಡೆಯಿಂದ: "ಈಗ ರೈಡಿಗೆ ಹೊರಟಿದ್ದಾರೆ ಕಲಾ, ಕೋಲಾರ ಜಿಲ್ಲೆಯ ಆಟಗಾರ್ತಿ..."

ಕದಿರಮ್ಮ ಹಿಮದ ಬೆಟ್ಟದಿಂದ ತಲೆಯೆತ್ತಿದರು. "ಕಲಾ ಅಂದಂಗಾಯ್ತು."

ಮುನಿಲಕ್ಷ್ಮಿ ಎದ್ದು ಪಕ್ಕದ ಮನೆಗೆ ಇಣುಕಿ ಬಂದವಳು ಬಾಗಿಲಲ್ಲೇ ನಿಂತು ಕೂಗಿದಳು: "ಕೋದಂಡಣ್ಣ, ನಿನ್ ಮಗ್ಳು ಸೆಲ್ವರಾಜಣ್ಣನ ಟಿವಿಯಾಗೆ ಆಡ್ತಾವ್ಳೆ! ಇಷ್ಟೊತ್ತು ನಿನ್ ಅರ್ಧ ಮೀಸೇನೂ ಅಲ್ಲೇ ಇತ್ತಂತೆ!"

ಕೋದಂಡಪ್ಪನವರು ಬಾಯಿ ತೆರೆಯುವಷ್ಟರಲ್ಲಿ ಹಾಲ್ ಖಾಲಿ. ಹೋಗುವವರು ಚಾಪೆಯನ್ನೂ ಎತ್ತಿಕೊಂಡು ಹೋದರು. ಕದಿರಮ್ಮ ಗೋಡೆ ಹಿಡಿದು ಕೊನೆಯಲ್ಲಿ ಎದ್ದರು.

"ನೀನೂ ಓಗ್ತೀಯಾ? ಅವ್ನ ಮನೇಗೆ?"

"ನಾನು ಅವ್ನ ಮನೆ ನೋಡಕ್ಕೋಗ್ತಿಲ್ಲ. ನನ್ ಮಗ್ಳನ್ನ ನೋಡಕ್ಕೋಗ್ತಿದೀನಿ."

ಒಬ್ಬರೇ ಉಳಿದರು. ಎದುರಿಗೆ ಹಿಮದ ಬೆಟ್ಟ. ಮೊಬೈಲ್ ತೆರೆಯ ಮೇಲೆ 'ನಿಲ್ಲಿಸಿ' ಎಂಬ ಕೆಂಪು ಗುಂಡಿ. ಅದನ್ನೊಮ್ಮೆ ಒತ್ತಿ, ಕೆಳಗಿನ ಹಾಲ್ ಟಿವಿಗೆ ಸೇರಿಸಿದರೆ ಸಾಕು, ಲೈನೆಲ್ಲ ಚಾಪೆ ಸಮೇತ ವಾಪಸು ಬರಬೇಕು. ಬರಲಿ. ಯಾರ ಮಗಳು? ಯಾರ ಮೊಬೈಲು? ನಡುವೆ ಆಟ ಒಂದಿಷ್ಟು ತಪ್ಪುತ್ತದೆ, ತಪ್ಪಲಿ. ಸೇರದೇ ಹೋದರೆ ಪೂರ್ತಿ ತಪ್ಪುತ್ತದೆ, ಅದನ್ನು ಆಮೇಲೆ ನೋಡಿದರಾಯಿತು. ಆ ಮೂಲೆಯಿಂದ ಈ ಮೂಲೆಗೆ ನಡೆದರು. ಗೋಡೆಯಿಂದ ದೂರ ಹೋದೊಡನೆ ಆಚೆ ಸದ್ದು ತುಂಡುತುಂಡಾಯಿತು.

ಗೋಡೆಗೆ ಒಂದು ಗುದ್ದು ಬಿತ್ತು. ನಿಲ್ಲಿಸು.

ಸೆಲ್ವರಾಜ್ ಹೇಳಿ ನಾನು ನಿಲ್ಲಬೇಕಾ? ಕೋದಂಡಪ್ಪನವರಿಗೆ ರೇಗಿತು. ಕೆಂಪು ಗುಂಡಿಯ ಮೇಲೆ ಬೆರಳು ತಂದರು. ಅದೇ ಬೆರಳು. ಆವತ್ತು ಸ್ವಿಚ್ಚಿನ ಮೇಲೂ ಹೀಗೇ ಬಂದಿತ್ತು.

ಆಗ ಗೋಡೆಗೆ ಮತ್ತೆ ಗುದ್ದು ಬಿತ್ತು, ಮೆತ್ತಗೆ, ಬಿಡಿಸಿ ಬಿಡಿಸಿ. ಒಂದು. ಎರಡು. ಮೂರು.

ಒಳಗೆ ಜನ ಇದ್ದಾರೆ, ಹುಷಾರು.

ಆ ಗೋಡೆಯ ಮೇಲೆ ಮೂರು ಗುದ್ದು ಹಿಂದೆಂದೂ ಬಿದ್ದಿರಲಿಲ್ಲ. ಜಗಳಕ್ಕೆ ಒಂದು, ನೀರಿಗೆ ಎರಡು ಸಾಕಾಗುತ್ತಿತ್ತು. ಶಾಫ್ಟಿನ ಬಾಯಲ್ಲಿ ಗಂಟೆ ಮೂರು ಸಲ ಹೊಡೆದ ಮೇಲೆ ಕೋದಂಡಪ್ಪನವರು ನೊಣ ಕೂತರೂ ಕೈ ಎತ್ತುತ್ತಿರಲಿಲ್ಲ. ಜನ ಮೇಲೆ ಬರುವ ತನಕ ಅವರ ಪಾಲಿಗೆ ಅವಮಾನವೂ ಇಲ್ಲ, ಬಿಗುಮಾನವೂ ಇಲ್ಲ. ಬೆರಳು ತಾನಾಗಿಯೇ ಹಿಂದೆ ಬಂತು. ಗೋಡೆಗೆ ಹೋಗಿ ಆತು ನಿಂತರು. ಬ್ಯಾಟರಿ ಇಳಿಯುತ್ತಿದೆಯೆಂದು ಮೊಬೈಲನ್ನು ಚಾರ್ಜರಿಗೆ ಸಿಕ್ಕಿಸಿದರು, ಅದರ ವೈರು ಗಿಡ್ಡ. ಮೊಬೈಲನ್ನು ಗೋಡೆಗೆ ಹಿಡಿದು, ಸೊಂಟ ಬಗ್ಗಿಸಿ, ಉಸಿರು ಬಿಗಿಹಿಡಿದು ನೋಡತೊಡಗಿದರು.

ಒಂದು ಸಮಾಧಾನ ಸಿಕ್ಕಿತು. ಮೊಬೈಲಿನಲ್ಲಿ ಕಂಡದ್ದು ಪಕ್ಕದ ಟಿವಿಗೆ ತುಸು ತಡವಾಗಿ ಹೋಗುತ್ತಿತ್ತು. ಕಲಾ ಒಬ್ಬಳನ್ನು ಮುಟ್ಟಿ ಗೆರೆ ದಾಟಿದ್ದು ಇವರಿಗೆ ಮೊದಲು ಕಾಣುತ್ತಿತ್ತು, ಆಮೇಲೆ ಗೋಡೆಯಾಚೆ ಹೋ ಎಂದು ಕೂಗು ಏಳುತ್ತಿತ್ತು. ಲೈನಿಗಿಂತ ಮೊದಲು ತಮಗೆ ಗೊತ್ತಾಗುತ್ತಿದೆ! ಸೊಂಟದ ನೋವಿನಲ್ಲೂ ಮುಖ ಸ್ವಲ್ಪ ಬಿರಿಯಿತು.

ಕೊನೇ ರೈಡು. ಕಲಾಳ ತಂಡ ಮೂರು ಪಾಯಿಂಟು ಹಿಂದೆ. ಅವಳು ಗೆರೆ ದಾಟಿ ಒಳನುಗ್ಗಿದ ಕ್ಷಣಕ್ಕೆ ಸರಿಯಾಗಿ ತೆರೆ ಮುಚ್ಚಿಕೊಂಡು ಒಂದು ಹೆಸರು ಎದ್ದಿತು: ಅಂಬರೀಶ್ ಟಿವಿ ಅಂಗಡಿ. ಬೆಳಗಿನಿಂದ ಎತ್ತದ ಮನುಷ್ಯ! ಆಚೆಯಿಂದ ಹತ್ತು ಬಾಯಿ ಒಟ್ಟಿಗೆ ಕೂಗಿದವು: "ಎತ್ಬೇಡಣ್ಣೋ!" ಕೋದಂಡಪ್ಪನವರು ಒಂದೇ ಬೆರಳಿಂದ ಅಂಬರೀಶನನ್ನು ಪಕ್ಕಕ್ಕೆ ತಳ್ಳಿದರು. ಕಲಾ ಇಬ್ಬರ ಹಿಡಿತದಲ್ಲಿ ಬಿದ್ದಿದ್ದಳು, ತೆವಳುತ್ತಿದ್ದಳು, ಕೈ ಚಾಚಿದಳು. ಗೆರೆ ಸಿಕ್ಕಿತು. ಎರಡು ಪಾಯಿಂಟು. ಸೀಟಿ. ಒಂದು ಪಾಯಿಂಟಿನಿಂದ ಸೋಲು.

ಆಚೆ ಮೊದಲು ಕೂಗು, ಆಮೇಲೆ ನಿಟ್ಟುಸಿರು. ನಿಟ್ಟುಸಿರಿನ ನಡುವೆ ಕದಿರಮ್ಮನ ದನಿಯೊಂದೇ ಮೇಲೆದ್ದಿತು: "ಇಬ್ರು ಇಡ್ಕೊಂಡಿದ್ರಲ್ಲೇ! ಇಬ್ರನ್ನೂ ಎಳ್ಕೊಂಡು ಬಂದ್ಲಲ್ಲೇ ನನ್ ಮಗ್ಳು! ಸೋತ್ರೇನೀಗ?"

ಸ್ವಲ್ಪ ಹೊತ್ತಿಗೆ ಕದಿರಮ್ಮ ಬಾಗಿಲಿಗೆ ಬಂದರು. "ಯೋ, ಬಾ. ಅವ್ಳನ್ನ ಕೂರಿಸಿ ಮಾತಾಡಿಸ್ತಾರಂತೆ. ಮಂಡಿ ಎಂಗ್ ಊದೈತೆ ಗೊತ್ತಾ? ಫೋನಾಗೆ ಏನಿಲ್ಲಮ್ಮ ಏನಿಲ್ಲಮ್ಮ ಅಂತಿದ್ಲು. ಇವತ್ತು ಕಂಡೆ."

"ನಾನ್ ಅಲ್ಲಾಡುದ್ರೆ ಚಿತ್ರ ಓಗ್ತದೆ."

"ಅಲ್ಲಿಗೇ ತಗೊಂಡ್ ಬಂದ್ರೆ ಯಾಕೋಗ್ತದೆ?"

ಗಂಟೆ ಕೊಟ್ಟ ಮನುಷ್ಯನಿಗೆ ಇದು ಹೊಳೆದಿರಲಿಲ್ಲ. ವೈರು ಕಿತ್ತು, ಮೊಬೈಲನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು, ತುಂಬಿದ ಪಾತ್ರೆ ತರುವವರ ಹಾಗೆ ನಡೆದು ಸೆಲ್ವರಾಜ್ ಮನೆಯ ಹೊಸಿಲ ಹೊರಗೆ ನಿಂತರು. ಒಳಗೆ ಲೈನಿಗೆ ಲೈನೇ ಕೂತಿತ್ತು. ಟಿವಿಯಲ್ಲಿ ಕಲಾ, ಆಳೆತ್ತರಕ್ಕೆ, ಬೆವರೊರೆಸಿಕೊಳ್ಳುತ್ತಿದ್ದಳು.

ಸೆಲ್ವರಾಜ್ ತಿರುಗಿ ನೋಡಿದರು. "ಆವಾಗ ಟಿವಿ ಸುಮ್ನೆ ಕೇಳ್ತಾ ಇತ್ತಣ್ಣೇ, ಕೋದಂಡಪ್ಪ ಬರ್ಬೋದಾ, ಒಪ್ಪಿಗೆಯಾ ಅಂತ. ಎರಡು ಕಿತ ಬೇಡ ಅಂತ ಒತ್ತಿದೆ. ಮೂರನೇ ಕಿತಾನೂ ಕೇಳ್ತು. ಇಷ್ಟ್ ಕೇಳೋ ಮನುಷ್ಯನ್ನ ಎಂಗೆ ಬೇಡ ಅನ್ನೋದು, ಬಾ ಅಂತ ಒತ್ತಿಬಿಟ್ಟೆ." ಗೋಡೆಗೆ ಒರಗಿಸಿದ್ದ ಕುರ್ಚಿಯನ್ನು ಕಾಲಲ್ಲೇ ಮುಂದಕ್ಕೆ ತಳ್ಳಿದರು. "ಬರಕ್ಕೆ ಇಷ್ಟೊತ್ತಾ?"

ಕೋದಂಡಪ್ಪನವರು ಹೊಸಿಲು ದಾಟಿದರು. ಕುರ್ಚಿಯಲ್ಲಿ ಕೂರಲಿಲ್ಲ. ಮೊಬೈಲ್ ಎತ್ತಿ ಹಿಡಿದು ನೇರ ಟಿವಿಯ ಪಕ್ಕಕ್ಕೇ ಹೋಗಿ ನಿಂತರು. "ಬ್ಯಾಟರಿ ಕಮ್ಮಿ ಐತೆ, ಯಾರೂ ಅಲ್ಲಾಡ್ಬೇಡಿ" ಎಂದು ಲೈನಿಗೆಲ್ಲ ಅಪ್ಪಣೆ ಕೊಟ್ಟರು.

"ಅಣ್ಣೇ, ಕೊಂಜ ಪಕ್ಕಕ್ಕೆ" ಎಂದರು ಸೆಲ್ವರಾಜ್, ಕದಿರಮ್ಮನ ಕಡೆ ಕೈ ತೋರಿಸಿ. "ತಂಗಚ್ಚಿಗೆ ಕಾಣ್ತಿಲ್ಲ."

ಕೋದಂಡಪ್ಪನವರು ಸೆಲ್ವರಾಜ್‌ರನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ಕೇಜು ಇಳಿಸುವಷ್ಟು ನಿಧಾನವಾಗಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.