ಸೊನ್ನೆ ಆಕಳಿಸಿದಾಗ

ಗವಿಪುರಂನ ಡಾಕ್ಟರ್ ದೇವಯ್ಯನವರ ಕೈಗುಣ ಎಷ್ಟು ಒಳ್ಳೆಯದೋ ಕೈಬರಹ ಅಷ್ಟೇ ಕೆಟ್ಟದು. ಅವರ ಔಷಧಿ ಚೀಟಿಯನ್ನು ಹಿಡಿದು ಚಾಮರಾಜಪೇಟೆಯ ಯಾವ ಅಂಗಡಿಗೆ ಹೋದರೂ ಒಂದೇ ಉತ್ತರ: "ಗವಿಪುರದ ವೆಂಕಟಾಚಲ ಅವರ ಮೆಡಿಕಲ್ ಶಾಪಿಗೆ ಹೋಗಿ, ಅವರಿಗೆ ಮಾತ್ರ ಓದೋಕೆ ಬರೋದು."

ಈ "ಅವರಿಗೆ ಮಾತ್ರ" ಎನ್ನುವುದೇ ವೆಂಕಟಾಚಲ ಅವರ ನಿಜವಾದ ಡಿಗ್ರಿ. ಗೋಡೆಯ ಮೇಲೆ ಫಾರ್ಮಸಿ ಡಿಪ್ಲೊಮಾ ತೂಗುತ್ತಿತ್ತು, ಆದರೆ ಅದು ಎಲ್ಲ ಅಂಗಡಿಯಲ್ಲೂ ತೂಗುತ್ತದೆ. ಚೀಟಿ ಬಂದ ಕೂಡಲೇ ಅವರು ಕನ್ನಡಕ ಹಣೆಗೇರಿಸಿ, ಒಂದು ಕಣ್ಣು ಮುಚ್ಚಿ, ಕಾಗದವನ್ನು ಟ್ಯೂಬ್‌ಲೈಟಿಗೆ ಹಿಡಿದು, ಕೊನೆಗೆ "ಹೂಂ" ಅನ್ನುವರು. ಆ "ಹೂಂ" ಕೇಳಿದಾಗಲೇ ಎಷ್ಟೋ ಜನರ ಅರ್ಧ ಕಾಯಿಲೆ ಇಳಿಯುತ್ತಿತ್ತು.

ಮನೆಯಲ್ಲಿ ಈ ಪಾಂಡಿತ್ಯಕ್ಕೆ ಅಷ್ಟೇನೂ ಬೆಲೆ ಇರಲಿಲ್ಲ. "ಮುತ್ತಿನಂಥ ಅಕ್ಷರದಲ್ಲಿ ಕೊತ್ತಂಬರಿ ಅಂತ ಬರ್ಕೊಟ್ರೆ ಪುದೀನ ತರ್ತೀರಿ. ಅಂಗಡೀಲಿ ಮಾತ್ರ ಮಹಾ ಪಂಡಿತರು!" ಎನ್ನುವರು ಹೆಂಡತಿ ಕಾವೇರಮ್ಮ.

ದೇವಯ್ಯನವರ ಚೀಟಿಯ ದೊಡ್ಡ ತೊಡಕು ಔಷಧಿಯ ಹೆಸರಲ್ಲ, ಅಂಕಿ. ಡಾಕ್ಟರು ಕನ್ನಡಾಭಿಮಾನಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂಬುದನ್ನು ೧-೦-೧ ಎಂದು ಕನ್ನಡದ ಅಂಕಿಯಲ್ಲೇ ಬರೆಯುವರು. ಅವಸರದಲ್ಲಿ ಮೂರೂ ಉಂಡೆಗಳೇ. ವೆಂಕಟಾಚಲ ಇದಕ್ಕೊಂದು ಸೂತ್ರ ಕಂಡುಕೊಂಡಿದ್ದರು: ಉಂಡೆ ಬಾಯಿ ತೆರೆದಿದ್ದರೆ ಒಂದು, ಬಾಯಿ ಮುಚ್ಚಿದ್ದರೆ ಸೊನ್ನೆ. ಮೂವತ್ತೊಂದು ವರ್ಷ ಗವಿಪುರಂ ಈ ಸೂತ್ರದ ಮೇಲೆಯೇ ಆರೋಗ್ಯವಾಗಿತ್ತು.

ಯುಗಾದಿ ಕಳೆದ ಮೇಲೆ ಡಾಕ್ಟರ ತಂಗಿಯ ಮಗಳು ಶಿವರಂಜಿನಿ ಕ್ಲಿನಿಕ್ಕಿಗೆ ಸೇರಿದಳು. ಅವಳೂ ಡಾಕ್ಟರೇ. ಪೆನ್ನು ಮುಟ್ಟುವುದಿಲ್ಲ, ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾಳೆ. ಒಂದು ದಿನ ಅಂಗಡಿಗೇ ಬಂದಳು.

"ಅಂಕಲ್, ನಿಮ್ಮಲ್ಲೂ ಒಂದು ಕಂಪ್ಯೂಟರ್ ಹಾಕಿಸ್ತೀನಿ. ನಾವು ಅಲ್ಲಿ ಟೈಪ್ ಮಾಡಿದ್ದು ಇಲ್ಲಿ ನಿಮ್ಮೆದುರಿಗೇ ಬರುತ್ತೆ. ಪೇಷೆಂಟ್‌ಗೆ ಪ್ರಿಂಟೂ ಸಿಗುತ್ತೆ. ಯಾರು ಬೇಕಾದ್ರೂ ಓದ್ಬಹುದು."

ವೆಂಕಟಾಚಲ ಅವರಿಗೆ ಚುಚ್ಚಿದ್ದು ಆ ಕೊನೆಯ ಮಾತು. ಯಾರು ಬೇಕಾದರೂ ಓದುವುದಾದರೆ ತಾವು ಯಾರು? ಶೆಲ್ಫಿನಿಂದ ಡಬ್ಬಿ ಇಳಿಸುವವರು, ಅಷ್ಟೇ.

"ಕರೆಂಟ್ ಹೋದ್ರೆ ನಿಮ್ ಪೆಟ್ಟಿಗೆ ಕಣ್ಣು ಮುಚ್ಚುತ್ತೆ ಕಣಮ್ಮ. ನನ್ ಕಣ್ಣಿಗೆ ಕರೆಂಟ್ ಬೇಡ."

"ಮಾವ ಹೇಳಿದಾರೆ, ನೀವು ಒಪ್ಪಿದ್ರೆ ಅವರೂ ಪೆನ್ನು ಬಿಡ್ತಾರಂತೆ."

"ಹಾಗಾದ್ರೆ ಪೆನ್ನಿಗೆ ಇನ್ನೂ ಆಯಸ್ಸಿದೆ ಬಿಡಿ."

ಅದಾಗಿ ಎರಡು ವಾರಕ್ಕೆ ಮುನಿಲಕ್ಷ್ಮಮ್ಮ ಬಂದರು. ಬೆಳಿಗ್ಗೆ ಕೆ.ಆರ್. ಮಾರ್ಕೆಟ್ಟಿನಿಂದ ಹೂವು ತಂದು ಗವಿ ಗಂಗಾಧರೇಶ್ವರನ ಗುಡಿಯ ಹತ್ತಿರ ಮಾರುವವರು. ಹಿಂದಿನ ವಾರವಷ್ಟೇ ದೇವಯ್ಯನವರು ಅವರಿಗೆ ಬಿಪಿ ಮಾತ್ರೆ ಬರೆದಿದ್ದರು.

"ಸ್ವಾಮಿ, ಮಧ್ಯಾಹ್ನದ ಮಾತ್ರೆ ತಗೊಂಡ್ರೆ ಭೂಮಿ ಗಿರ್ರಂತ ತಿರುಗ್ತದೆ. ನೆನ್ನೆ ಒಂದು ಮೊಳ ಮಲ್ಲಿಗೆ ಅಂತ ಎರಡು ಮೊಳ ಕೊಟ್ಬಿಟ್ಟೆ. ಆಮೇಲೆ ಬುಟ್ಟಿ ಮೇಲೇ ಬಿದ್ದೆ."

ವೆಂಕಟಾಚಲ ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ, ಚೀಟಿ ಕೇಳಿ ಪಡೆದು ಟ್ಯೂಬ್‌ಲೈಟಿಗೆ ಹಿಡಿದರು. ಮೂರು ಉಂಡೆ. ನಡುವಿನದು ಬಾಯಿ ತೆರೆದಿತ್ತು. ಆದರೆ ಎಷ್ಟು? ಒಂದು ಎನ್ನುವಷ್ಟೇ? ಈ ಸಲ "ಹೂಂ" ಹೊರಡಲಿಲ್ಲ. ಪದ್ಯದಲ್ಲಿ ಒಂದು ಮಾತ್ರೆ ಹೆಚ್ಚಾದರೆ ಕವಿ ಎಡವುತ್ತಾನೆ. ಪಥ್ಯದಲ್ಲಿ ಹೆಚ್ಚಾದರೆ ಹೂವಿನಮ್ಮ ಬೀಳುತ್ತಾರೆ.

ಮುನಿಲಕ್ಷ್ಮಮ್ಮನನ್ನು ಕರೆದುಕೊಂಡು ಕ್ಲಿನಿಕ್ಕಿಗೆ ನಡೆದರು. ಶಿವರಂಜಿನಿ ಆಕೆಯ ಬಿಪಿ ನೋಡತೊಡಗಿದಳು. ದೇವಯ್ಯನವರು ಚೀಟಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ತಲೆಕೆಳಗೂ ಮಾಡಿ ನೋಡಿದರು. ಕೊನೆಗೆ ವೆಂಕಟಾಚಲ ಅವರ ಕೈಗೇ ಕೊಟ್ಟರು.

"ಓದಿ ಹೇಳ್ರೀ ವೆಂಕಟಾಚಲ."

"ಬರೆದೋರು ನೀವಲ್ವಾ ಡಾಕ್ಟ್ರೇ?"

"ಬರೆಯೋದು ನನ್ನ ಕೆಲಸ, ಓದೋದು ನಿಮ್ಮದು. ಹಾಗೇ ತಾನೆ ಇಷ್ಟು ವರ್ಷ ನಡೆದಿರೋದು?" ಡಾಕ್ಟರು ನಕ್ಕರು.

"ನಾನು ಒಂದು-ಒಂದು-ಒಂದು ಅಂತ ಓದಿದೆ."

ಡಾಕ್ಟರ ನಗು ನಿಂತಿತು. "ಈ ಮಾತ್ರೆ ಮಧ್ಯಾಹ್ನ ನಾನು ಯಾರಿಗೂ ಬರೆಯಲ್ಲ. ಅದು ಸೊನ್ನೆ ಕಣ್ರೀ."

"ಬಾಯಿ ತೆರೆದಿದೆಯಲ್ಲ ಸಾರ್."

"ಆಕಳಿಸಿರಬೇಕು."

ಯಾರೂ ನಗಲಿಲ್ಲ. "ಬಿಪಿ ತುಂಬ ಇಳಿದಿದೆ. ಮಧ್ಯಾಹ್ನದ್ದು ಬಿಟ್ಟರೆ ಸರಿಹೋಗುತ್ತೆ" ಎಂದಳು ಶಿವರಂಜಿನಿ. ಅವಳು "ನಾನು ಹೇಳಿರಲಿಲ್ವಾ" ಎಂಬ ಮಾತನ್ನು ನುಂಗಿಕೊಂಡಿದ್ದೇ ದೊಡ್ಡದು. ವೆಂಕಟಾಚಲ ಬೇರೆಯದೇ ಲೆಕ್ಕದಲ್ಲಿದ್ದರು. ಮೂವತ್ತೊಂದು ವರ್ಷದಲ್ಲಿ ಇದು ಮೊದಲನೆಯ ತಪ್ಪೋ, ಅಥವಾ ಸಿಕ್ಕಿಬಿದ್ದ ಮೊದಲನೆಯ ತಪ್ಪೋ?

ಬಾಗಿಲ ತನಕ ಹೋದವರು ತಿರುಗಿ ಬಂದರು. "ನಿಮ್ ಪೆಟ್ಟಿಗೆ ಯಾವತ್ತು ತರ್ತೀರಮ್ಮ?"

ಗುರುವಾರ ಪೆಟ್ಟಿಗೆ ಬಂತು. ದೇವಯ್ಯನವರೂ ಮಾತಿಗೆ ತಪ್ಪದೆ ಪೆನ್ನು ಮುಚ್ಚಿ ಜೇಬಿಗೆ ಸಿಕ್ಕಿಸಿದರು. ಒಂದೊಂದೇ ಬೆರಳಲ್ಲಿ, ಕೀಬೋರ್ಡಿಗೆ ಇಂಜೆಕ್ಷನ್ ಕೊಡುವವರಂತೆ, ಟೈಪ್ ಮಾಡಲು ಕೂತರು. ಅಂಗಡಿಯ ಪರದೆಯ ಮೇಲೆ ಮೊದಲು ಬಂದದ್ದು ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದ ಮುನಿಲಕ್ಷ್ಮಮ್ಮನ ಹೆಸರು. ಕೆಳಗೆ ಔಷಧಿ, ಅಚ್ಚುಕಟ್ಟಾಗಿ. ವೆಂಕಟಾಚಲ ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿದರು. "ಬಿ.ಡಿ., ಆಫ್ಟರ್ ಫುಡ್."

"ಊಟ ಆದ್ಮೇಲೆ ಬೀಡಿನಾ!" ಮುನಿಲಕ್ಷ್ಮಮ್ಮ ಸ್ಟೂಲಿನಿಂದ ಎದ್ದೇಬಿಟ್ಟರು. "ನಮ್ಮೆಜಮಾನ್ರಿಗೆ ಬಿಡ್ಸೋಕೆ ಇಪ್ಪತ್ತು ವರ್ಷ ಹಿಡೀತು ಸ್ವಾಮಿ. ಈಗ ನಂಗೆ ಬರ್ಕೊಟ್ಟವ್ರಾ?"

ವೆಂಕಟಾಚಲ ಅವರ ಮುಖ ಅರಳಿತು. ನೇರವಾಗಿ ಕ್ಲಿನಿಕ್ಕಿಗೆ ಹೋದರು.

"ಮೇಡಂ, ನಿಮ್ ಕಂಪ್ಯೂಟರ್ ಗವಿಪುರದ ಹೆಂಗಸರಿಗೆಲ್ಲ ಬೀಡಿ ಸೇದಿಸ್ತಿದೆ."

"ದಿನಕ್ಕೆ ಎರಡು ಸಲ ಅಂತ ಅಂಕಲ್, ಕಂಪ್ಯೂಟರ್ ತಾನೇ ಹಾಗೆ ಹಾಕುತ್ತೆ. ಲ್ಯಾಟಿನ್ ಅದು."

"ಲ್ಯಾಟಿನ್ ಗೊತ್ತಿರೋರು ಯಾರಮ್ಮ ಇಲ್ಲಿ ಹೂ ಮಾರ್ತಾರೆ?"

ಶಿವರಂಜಿನಿ ನಕ್ಕಳು. "ಕನ್ನಡದಲ್ಲೂ ಪ್ರಿಂಟ್ ಬರುತ್ತೆ. ಏನು ಹಾಕ್ಲಿ, ನೀವೇ ಹೇಳಿ."

ಅವರು ಕನ್ನಡಕ ಹಣೆಗೇರಿಸಿ, ಒಂದು ಕಣ್ಣು ಮುಚ್ಚಿ ಹೇಳಿದರು: "ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು ಮಾತ್ರೆ. ರಾತ್ರಿ ಊಟ ಆದ ಮೇಲೆ ಒಂದು ಮಾತ್ರೆ. ಮಧ್ಯಾಹ್ನ ಬೇಡ. ಎಲ್ಲಾ ಅಕ್ಷರದಲ್ಲೇ ಇರ್ಲಿ, ಅಂಕಿ ಬೇಡ."

"ಎರಡು ಹೊತ್ತು ಹೇಳಿದ್ಮೇಲೆ ಮಧ್ಯಾಹ್ನ ಬೇಡ ಅಂತ ಬೇರೆ ಯಾಕೆ?"

"ಇರ್ಲಿ. ಸೊನ್ನೆಗೂ ಒಂದು ಮಾತಿರ್ಲಿ."

ಮುಂದಿನ ತಿಂಗಳು ಮುನಿಲಕ್ಷ್ಮಮ್ಮ ಹೊಸ ಪ್ರಿಂಟು ಹಿಡಿದು ಬಂದರು. ವೆಂಕಟಾಚಲ ಓದಿ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಆಕೆ ತಮ್ಮ ನಾಲ್ಕನೇ ಕ್ಲಾಸಿನ ಕನ್ನಡವನ್ನು ಹೊರತೆಗೆದು, ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸತೊಡಗಿದರು. "ಮ... ಧ್ಯಾ... ಹ್ನ... ಬೇಡ."

ವೆಂಕಟಾಚಲ ತೆರೆದ ಬಾಯಿಯನ್ನು ಮುಚ್ಚಿದರು. ಮುಚ್ಚಿದ್ದು ಸೊನ್ನೆ ಎನ್ನುವ ಸೂತ್ರ ಅವರದೇ.

"ಸರಿಯಾಗಿ ಓದಿದ್ನಾ ಸ್ವಾಮಿ?"

"ನನಗಿಂತ ಸರಿಯಾಗಿ ಕಣಮ್ಮ" ಎಂದು ಅವರು ಶೆಲ್ಫಿನಿಂದ ಡಬ್ಬಿ ಇಳಿಸಿದರು.