ಬೆಳಕು ಕಾಣಬಾರದ ಮರಳು

ಪುಣೆಯಲ್ಲಿ ನನಗೆ ಬಿದ್ದ ಮೊದಲ ಬೈಗುಳ ದೀಪ ಹಚ್ಚಿದ್ದಕ್ಕೆ. ತೊಂಬತ್ತರ ದಶಕದ ಕೊನೆ. ಗದಗಿನಿಂದ ಬಂದು ಪ್ರಯೋಗಾಲಯ ಸೇರಿದ ಮೊದಲ ದಿನ. ಒಳಕೋಣೆಯಲ್ಲಿ ಮಂಕು ಕೆಂಪು ಬಲ್ಬೊಂದೇ ಉರಿಯುತ್ತಿತ್ತು. ಕತ್ತಲಲ್ಲವೇ ಎಂದು ಸ್ವಿಚ್ಚು ಒತ್ತಿದೆ. "ಮಾರಾಯ್ತಿ, ಮರಳನ್ನು ಸಾಯಿಸಿದೆಯಲ್ಲ!" ಎಂದು ಉಡುಪಿ ಕಡೆಯ ನಮ್ಮ ಸರ್ ಕೂಗಿದರು. ಅದು ಪರೀಕ್ಷೆ ಮುಗಿದ ಮರಳಾದ್ದರಿಂದ ಬಚಾವಾದೆ.

ಮಣ್ಣಿನಡಿ ಹೂತ ಮರಳಿನ ಕಣ ಸುತ್ತಲಿನ ವಿಕಿರಣವನ್ನು ಸಾವಿರಾರು ವರ್ಷ ಕೂಡಿಡುತ್ತದೆ. ಯಂತ್ರದಲ್ಲಿ ಕೆಣಕಿದರೆ ಸಣ್ಣಗೆ ಮಿನುಗುತ್ತದೆ. ಆ ಮಿನುಗು ಅಳೆದರೆ, ನದಿ ಅದನ್ನು ಎಂದು ತಂದು ಹಾಕಿತೆಂದು ತಿಳಿಯುತ್ತದೆ. ಅದಕ್ಕೆ ಮೊದಲೇ ಬಿಸಿಲು ತಾಗಿದರೆ ಎಲ್ಲ ಅಳಿಸಿಹೋಗುತ್ತದೆ. ನಮ್ಮ ಭಾಷೆಯಲ್ಲಿ, ಸತ್ತಿತು. ಊರಲ್ಲಿ ನಾನು ಕತ್ತಲಿಗೆ ಹೆದರುತ್ತಿದ್ದೆ. ಇಲ್ಲಿ ಬಾಗಿಲ ಸಂದಿಯ ಬಿಸಿಲಿಗೂ ಹೆದರತೊಡಗಿದೆ.

ಒಂದು ಮಧ್ಯಾಹ್ನ ದೌಂಡದ ಹತ್ತಿರ ಭೀಮಾ ದಂಡೆಗೆ ಕಬ್ಬಿಣದ ಕೊಳವೆ ಹೊಡೆದು ಮರಳು ತೆಗೆದೆವು. ಮರುದಿನವೇ ಇಟ್ಟಿಗೆ ಭಟ್ಟಿಯವರು ಆ ದಂಡೆಯನ್ನು ಕಡಿಯುವವರಿದ್ದರು. ಅಲ್ಲಿ ಇನ್ನೊಂದು ಕೊಳವೆ ಮರಳು ಸಿಗುವಂತಿರಲಿಲ್ಲ. ಸರ್ ಅಲ್ಲೇ ಉಳಿದರು. ಕಪ್ಪು ಬಟ್ಟೆ ಸುತ್ತಿದ ಕೊಳವೆ ಹಿಡಿದು ನಾನೊಬ್ಬಳೇ ದೌಂಡ ಸ್ಟೇಶನ್ನಿಗೆ ಬಂದೆ.

ಬಾಂಬಿನ ಭಯದ ಕಾಲ. ಪೊಲೀಸನೊಬ್ಬ ತಡೆದು ಏನದು ಎಂದ. "ಕಾಯ್ ಆಹೇ?"

"ವಾಳೂ," ಅಂದೆ. ಮರಳಿಗೆ ಮರಾಠಿಯಲ್ಲಿ ಹಾಗನ್ನುತ್ತಾರೆ.

"ಉಘಡ."

ತೆರೆ ಎಂದು ಹೇಳಿ ತಾನೇ ಮುಚ್ಚಳಕ್ಕೆ ಕೈ ಹಾಕಿದ. ಕಲಿತ ಮರಾಠಿಯೆಲ್ಲ ಮರೆತು ಕನ್ನಡದಲ್ಲಿ ಚೀರಿದೆ: "ಬ್ಯಾಡ್ರೀ! ಬೆಳಕ ಬಿದ್ರ ಸಾಯ್ತದ್ರೀ!"

ಜೇಜುರಿ ಯಾತ್ರೆಗೆ ಹೊರಟಿದ್ದ ವಿಜಾಪುರ ಕಡೆಯ ಮುದುಕಿಯೊಬ್ಬಳು ಎದ್ದು ಬಂದಳು. "ಯವ್ವಾ, ಒಳಗ ಕೂಸೇನ?"

"ಇಲ್ರೀ, ಬರೇ ಉಸುಕ. ಬಿಸಲ ಬಡದ್ರ ಹಾಳಾಗ್ತದ."

ನಂಬಿದಳೋ ಇಲ್ಲವೋ, ಹೆಗಲ ಕಂಬಳಿಯನ್ನು ಕೊಳವೆಯ ಮೇಲೆ ಹೊದಿಸಿದಳು. "ಇದರೊಳಗ ಕೈ ಹಾಕಿ ನೋಡ್ಲಿ ತಗೋ," ಎಂದು ಅವನಿಗೆ ಸನ್ನೆ ಮಾಡಿದಳು. ಪೊಲೀಸ ಕಂಬಳಿಯೊಳಗೇ ಮುಚ್ಚಳ ತೆಗೆದು ತಡಕಾಡಿದ. ಹೊರಬಂದ ಮುಷ್ಟಿಯಲ್ಲಿ ಮರಳಿತ್ತು. "ವೇಡೀ ಆಹೇ," ಹುಚ್ಚಿ ಎಂದು ನಕ್ಕು ಬಿಟ್ಟುಬಿಟ್ಟ. ಅವನ ಬೆರಳು ಎಷ್ಟು ಆಳಕ್ಕೆ ಹೋಗಿತ್ತೋ, ಕಂಬಳಿಯಂಚಿನಿಂದ ಬೆಳಕು ಎಷ್ಟು ನುಸುಳಿತ್ತೋ ನನಗೆ ತಿಳಿಯಲಿಲ್ಲ.

ಸರ್ ಬಂದಮೇಲೆ ಎಲ್ಲ ಹೇಳಿದೆ. "ಎರಡು ತುದಿಯದ್ದು ಹೇಗೂ ಬೆಳಕು ಕಂಡಿರ್ತದೆ, ಬಿಸಾಡ್ತೇವೆ. ನಡುವಿನದ್ದು ಉಳಿದಿದ್ರೆ ನಮ್ಮ ಪುಣ್ಯ," ಅಂದರು. ಯಂತ್ರದ ಸರದಿ ಬರಲು ವಾರಗಳೇ ಬೇಕಿತ್ತು. ಅನ್ನ ಸೇರುತ್ತಿರಲಿಲ್ಲ. ಬಿಬವೇವಾಡಿಯಲ್ಲಿ ನನಗೆ ಖೋಲಿ, ಅಂದರೆ ಕೋಣೆ, ಬಾಡಿಗೆಗೆ ಕೊಟ್ಟಿದ್ದ ಮನೆಯೊಡತಿ ಕಾಕು ಒತ್ತಾಯಿಸಿ ಕೇಳಿದಾಗ ಹರಕು ಮರಾಠಿಯಲ್ಲಿ ತೋಡಿಕೊಂಡೆ. ಆಮೇಲೆ ದಿನಾ ಬೆಳಿಗ್ಗೆ ಚಹಾ ಕೊಡುತ್ತಾ, ಮನೆಯ ರೋಗಿಯನ್ನು ವಿಚಾರಿಸುವಂತೆ ಆಕೆ, "ವಾಳೂ ಕಶೀ ಆಹೇ?" ಎನ್ನುತ್ತಿದ್ದರು.

ಕೊನೆಗೊಂದು ದಿನ ನಡುವಿನ ಮರಳು ಮಿನುಗಿತು. ಎಸ್‌ಟಿಡಿ ಬೂತಿಗೆ ಓಡಿ ಗದಗಿಗೆ ಫೋನು ಹಚ್ಚಿದೆ. "ಅವ್ವಾ, ಉಳೀತು!"

"ಏನ ಉಳೀತವಾ? ಯಾರಿಗೇನಾಗಿತ್ತ?" ಅವ್ವ ಗಾಬರಿಯಾಗಿ ಕೇಳಿದಳು. ಅವಳು ಹೆದರಿಯಾಳೆಂದು ಊರಿಗೆ ಒಂದಕ್ಷರವನ್ನೂ ತಿಳಿಸಿರಲಿಲ್ಲ.

"ಕಾಹೀ ನಾಹೀ," ಅಂದೆ.

ಏನೂ ಇಲ್ಲ ಎಂಬುದನ್ನು ಹೆತ್ತವ್ವನಿಗೆ ಮರಾಠಿಯಲ್ಲಿ ಹೇಳಿದ್ದೆ. "ಏನಂದೀ ಯವ್ವಾ? ತಿಳೀವಲ್ದು," ಅಂದಳು ಅವ್ವ. ನನ್ನೊಳಗಿನ ಕನ್ನಡಕ್ಕೂ ಬೆಳಕು ತಾಗಿತೇ ಎಂದು ನನಗೆ ಮತ್ತೆ ಭಯವಾಯಿತು.